ಸದ್ದು ಕಡಿಮೆಯ ಯಂತ್ರ

ಕಲ್ಲಂಗಡಿ ಹಣ್ಣಿನಿಂದ ಹಿಡಿದು ಕಬ್ಬಿಣದ ಬೀರುವಿನವರೆಗೆ ತಿರುಮಲೇಶಯ್ಯನವರು ಯಾವುದನ್ನೂ ಕಣ್ಣಿನಿಂದ ನೋಡಿ ಕೊಂಡವರಲ್ಲ. ಕಿವಿಯಿಟ್ಟು ಕೇಳಿ ಕೊಂಡವರು. ಹಣ್ಣಾದರೆ ಬೆರಳಿನಿಂದ ತಟ್ಟಿ, ಬೀರುವಾದರೆ ಬಾಗಿಲನ್ನು ಮತ್ತೆ ಮತ್ತೆ ತೆಗೆದು ಮುಚ್ಚಿ, ಫ್ಯಾನಾದರೆ ಅದರಡಿ ಕಣ್ಣು ಮುಚ್ಚಿ ನಿಂತು, ಕೊನೆಗೆ 'ಇನ್ನೊಂದ್ಸಲ ನೋಡೋಣ' ಎಂದು ಹೊರಟುಬಿಡುವರು. ದೂರವಾಣಿ ಇಲಾಖೆಯಲ್ಲಿ ಆಯುಷ್ಯವೆಲ್ಲ ಕಿವಿಗೆ ರಿಸೀವರ್ ಒತ್ತಿಕೊಂಡು ಕೆಟ್ಟ ಲೈನು ಪತ್ತೆ ಮಾಡಿದವರು. ತಲೆ ಎಡಕ್ಕೆ ತುಸು ವಾಲಿದ್ದು ಅಲ್ಲಿಯೇ, ಮತ್ತೆ ನೆಟ್ಟಗಾಗಲಿಲ್ಲ.

ಇಷ್ಟು ಸದ್ದು ಕೇಳುವ ಮನುಷ್ಯ ತಾನು ಮಾತ್ರ ಸದ್ದು ಮಾಡುತ್ತಿರಲಿಲ್ಲ. ತ್ಯಾಗರಾಜನಗರದ ಮಹಡಿ ಮನೆಗೆ ಮೆಟ್ಟಿಲು ಹತ್ತಿ ಬಂದು, ಚಪ್ಪಲಿ ಬಿಟ್ಟು, ಹೂಜಿಯ ನೀರು ಕುಡಿದಾದ ಮೇಲೆಯೇ ಹೆಂಡತಿ ಸತ್ಯಭಾಮೆಗೆ ಅವರು ಬಂದದ್ದು ಗೊತ್ತಾಗುತ್ತಿತ್ತು. ಅವಳು ಶಾಲೆಯ ಮುಖ ಹೆಚ್ಚು ಕಂಡವಳಲ್ಲ, ಮಾತು ನೇರ. 'ಕಳ್ಳನ ಹಾಗೆ ಬರ್ತೀರಲ್ರೀ, ಒಂದ್ಸಲ ಕೆಮ್ಮಿ ಆದ್ರೂ ಬನ್ನಿ' ಎಂದು ಬೈಯುವಳು.

ಈ ನಿಶ್ಶಬ್ದಕ್ಕೆ ಕಾರಣ ಅವಳೇ. ಮದುವೆಯಾದ ಹೊಸತರಲ್ಲಿ ಅವಳಿಗೆ ಉಬ್ಬಸ ಹಿಡಿಯಿತು. ರಾತ್ರಿಯೆಲ್ಲ ಗೋಡೆಗೊರಗಿ ಕೂತು, ಬೆಳಗಿನ ಜಾವ ಉಸಿರು ಹತೋಟಿಗೆ ಬಂದಾಗ ಸ್ವಲ್ಪ ಕಣ್ಣು ಮುಚ್ಚುವಳು. ಅದೇ ಹೊತ್ತಿಗೆ ಅವರಿಗೆ ಕಾಫಿ ಬೇಕು. ಅಡುಗೆಮನೆಯ ಬಾಗಿಲು ಎಳೆದುಕೊಂಡು, ನಲ್ಲಿಯನ್ನು ದಾರದಷ್ಟು ತಿರುಗಿಸಿ, ಲೋಟದ ಕೆಳಗೆ ಬಟ್ಟೆ ಹಾಸಿ, ಫಿಲ್ಟರಿನಿಂದ ಡಿಕಾಕ್ಷನ್ ಇಳಿಯುವವರೆಗೆ ಕತ್ತಲಲ್ಲೇ ಕಾದು ನಿಲ್ಲುವರು. ಆಮೇಲೆ ಹಾಸಿಗೆಯ ಪಕ್ಕ ಬಂದು ಮೆತ್ತಗೆ, 'ಭಾಮಾ, ಕಾಫಿ' ಎನ್ನುವರು.

ಮುಂದೆ ಸೇದುವ ಔಷಧಿ ಬಂತು, ಉಬ್ಬಸ ಹಿಂದೆ ಸರಿಯಿತು. ಅವಳೂ ಎಲ್ಲರ ಹಾಗೆ ರಾತ್ರಿ ಮಲಗಿ ನಸುಕಿಗೇ ಎಚ್ಚರಗೊಳ್ಳತೊಡಗಿದಳು. ಆದರೆ ಏಳಲಿಲ್ಲ. ಕಣ್ಣು ಮುಚ್ಚಿಕೊಂಡು ಬಿದ್ದಿರುವಳು. ಎದ್ದರೆ 'ಭಾಮಾ' ಎಂದು ಯಾರು ಕರೆಯುತ್ತಾರೆ? ದಿನವಿಡೀ ಅವರ ಬಾಯಲ್ಲಿ ಆ ಹೆಸರು ಬರುತ್ತಿದ್ದದ್ದು ಆ ಒಂದೇ ಸಲ.

ನಿವೃತ್ತಿಯ ದಿನ ಜೊತೆಯವರು ಅವರನ್ನು ಜಯನಗರದ ಒಂದು ಹೊಸ ಕಾಫಿ ಅಂಗಡಿಗೆ ಕರೆದುಕೊಂಡು ಹೋದರು. ಮದುವೆಮನೆಗಳಲ್ಲಿ ಹಾಲಿನ ನೊರೆ ಎಬ್ಬಿಸಿ ಎಸ್ಪ್ರೆಸೊ ಎಂದು ಕೊಡುತ್ತಿದ್ದರಲ್ಲ, ಅದೇ ಇರಬೇಕು ಎಂದುಕೊಂಡವರ ಮುಂದೆ ಗೊಂಬೆಯಾಟದ ಬಟ್ಟಲಿನಂಥದರಲ್ಲಿ ಕಪ್ಪಗೆ ಎರಡು ಗುಟುಕು ಬಂದು ಕೂತಿತು. ಮನೆಗೆ ಬಂದವರು ರಾತ್ರಿ ಊಟ ಮಾಡಲಿಲ್ಲ. 'ನಾಲಿಗೆ ಮೇಲೆ ಇನ್ನೂ ಇದೆ ಕಣೆ' ಎಂದರು.

ಅಂದಿನಿಂದ ಅಂಥ ಕಾಫಿಯನ್ನು ಮನೆಯಲ್ಲೇ ಇಳಿಸುವ ಯಂತ್ರಕ್ಕೆ ಹುಡುಕಾಟ. ಮೊಣಕೈ ಸವೆದ ಕಂದು ಸ್ವೆಟರು, ಏಪ್ರಿಲ್ ಬಿಸಿಲಿನಲ್ಲೂ ಅದೇ. ಅದರ ಜೇಬಿನಲ್ಲಿ ಗಾಂಧಿ ಬಜಾರಿನಿಂದ ತಂದ ಹುರಿದ ಕಾಫಿ ಬೀಜದ ಪೊಟ್ಟಣ. ಜಯನಗರ ನಾಲ್ಕನೇ ಬ್ಲಾಕಿನ ಯಂತ್ರದ ಅಂಗಡಿಯಲ್ಲಿ ಗುರುಸಿದ್ದ ಎಂಬವನಿದ್ದ. ಬಿಜಾಪುರದ ಕಡೆಯವನು, ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದ. ಅವನ ಮುಂದೆ ಪೊಟ್ಟಣ ಬಿಚ್ಚಿ ಒಂದೊಂದು ಯಂತ್ರವನ್ನೂ ಚಾಲೂ ಮಾಡಿಸುವರು. ಹಬೆಯ ಒತ್ತಡದ ಸಣ್ಣ ಯಂತ್ರ ಬುಸುಗುಟ್ಟುತ್ತದೆ, ಕಾಫಿಯೂ ಸೀದ ಹಾಗಾಗುತ್ತದೆ, ಬೇಡ. ಪಂಪಿನದು ರುಚಿ ಸರಿ, ಆದರೆ ಮೇಜನ್ನೇ ನಡುಗಿಸುತ್ತದೆ. ಬೀಜ ಪುಡಿ ಮಾಡಲು ಬ್ಲೇಡಿನದು ಬೇಡ, ಅದು ಕೊಚ್ಚುತ್ತದೆ, ಅರೆಯುವುದಿಲ್ಲ; ಹಲ್ಲಿರುವ ಎರಡು ಚಕ್ರಗಳ ನಡುವೆ ಅರೆಯುವಂಥದೇ ಬೇಕು, ಆದರೆ ಅದರ ಗಲಾಟೆ ಬೀದಿಗೆ ಕೇಳುತ್ತದೆ. 'ಇನ್ನೊಂದ್ಸಲ ನೋಡೋಣ.'

'ಮನೇಲಿ ಮಿಕ್ಸಿ ಇಲ್ವೇನ್ರೀ? ಅದ್ರಲ್ಲೇ ತಿರುವಿ' ಎನ್ನುವಳು ಸತ್ಯಭಾಮಾ.

'ಮಿಕ್ಸೀನಾ? ನೀನು ಎದ್ದುಬಿಡ್ತೀಯ.'

ಹೀಗೆ ವರ್ಷಗಳು ಹೋದವು.

ತಿರುಮಲೇಶಯ್ಯನವರ ಅನ್ನನಾಳದಲ್ಲಿ ಗಡ್ಡೆ ಎಂದು ಡಾಕ್ಟರು ಹೇಳಿದ್ದು ಒಂದು ದಸರೆಗೆ ಮುಂಚೆ. ಗಟ್ಟಿ ಪದಾರ್ಥ ಇಳಿಯುವುದು ನಿಲ್ಲುತ್ತದೆ, ಆಮೇಲೆ ನೀರೂ, ಎಂದರು. ಸತ್ಯಭಾಮಾ ಅಳಲಿಲ್ಲ. ಆ ಗಂಟಲಿನಲ್ಲಿ ಕಾಫಿ ಇಳಿಯುವಷ್ಟು ದಿನವಾದರೂ ಈ ಮನುಷ್ಯನಿಗೆ ಬೇಕಾದ ಕಾಫಿ ಸಿಗಬೇಕು ಎನ್ನುವುದೊಂದೇ ಅವಳ ತಲೆಯಲ್ಲಿ. ಮಾರನೆಯ ಸಂಜೆ ಸೀರೆ ಬದಲಿಸಿ, 'ನಡೀರಿ, ಅಂಗಡಿಗೆ' ಎಂದಳು.

ಗುರುಸಿದ್ದ ಅವರನ್ನು ಕಂಡವನೇ ನಕ್ಕ. 'ಬರ್ರಿ ಸರ. ಇವತ್ತೂ ಸಂಗೀತ ಕೇಳಾಕೇ ಬಂದೀರೇನು? ಅಮ್ಮಾರೂ ಬಂದಾರ, ಛಲೋ ಆತು.' ಪಂಪಿನ ಯಂತ್ರ, ಹಲ್ಲಿನ ಗ್ರೈಂಡರು ಎರಡನ್ನೂ ಮುಂದಿಟ್ಟು ಚಾಲೂ ಮಾಡಿದ. ತಿರುಮಲೇಶಯ್ಯನವರು ಕಣ್ಣು ಮುಚ್ಚಿ, ತಲೆ ವಾಲಿಸಿ ಕೇಳಿದರು. ಬಾಯಿ ತೆರೆಯುವಷ್ಟರಲ್ಲಿ ಅವಳೇ ಹೇಳಿಬಿಟ್ಟಳು.

'ತಗೊಳ್ರೀ. ನಾನು ಐದಕ್ಕೆಲ್ಲ ಎದ್ದಿರ್ತೀನಿ. ಎಷ್ಟೋ ವರ್ಷದಿಂದ.'

'ಗೊತ್ತು' ಎಂದರು ಅವರು, ಕಣ್ಣು ತೆರೆಯದೆ.

'ಗೊತ್ತಾ?'

'ಉಸಿರು ಗೊತ್ತಾಗಲ್ವೇನೆ? ನಿದ್ದೇಲಿ ನಿಂಗೆ ಇವತ್ತಿಗೂ ಸಣ್ಣಗೆ ಸಿಳ್ಳೆ ಬರುತ್ತೆ. ಎಚ್ಚರ ಇದ್ರೆ ಇಲ್ಲ.'

'ಮತ್ತೆ ಯಾಕ್ರೀ ಅಷ್ಟು ಒದ್ದಾಡಿದ್ರಿ?'

'ಗಡಗಡ ಅನ್ನೋದು ತಂದಿಟ್ರೆ ಮಲಗಿರೋ ಹಾಗೆ ಹೆಂಗೆ ಇರ್ತಿದ್ದೆ ನೀನು? ಆಮೇಲೆ ನಾನು ಎಬ್ಬಿಸೋದು ಯಾರನ್ನ?'

ಗುರುಸಿದ್ದ ಏನೂ ಅರ್ಥವಾಗದೆ ಇಬ್ಬರ ಮುಖವನ್ನೂ ನೋಡಿದ. 'ಕಟ್ಲೇನ್ರಿ ಸರ?' ಎಂದ. ತಿರುಮಲೇಶಯ್ಯನವರು ಹೂಂ ಎಂದರು.

ಮೊದಲ ಬೆಳಗ್ಗೆ ಕೆಳಗಿನ ಮನೆಯ ಕಮಲಾದೇವಿ ಮೆಟ್ಟಿಲ ಬುಡದಿಂದಲೇ ಕೂಗಿದರು: 'ಏನ್ರೀ ಸತ್ಯಭಾಮಾ, ಬೋರ್‌ವೆಲ್ ಹಾಕಿಸ್ತಿದೀರಾ?' ಅವಳು ಅಡುಗೆಮನೆಯಲ್ಲಿ ಅವರ ಪಕ್ಕದಲ್ಲೇ ನಿಂತಿದ್ದಳು. ಜೇನುಬಣ್ಣದ ನೊರೆ ಸಣ್ಣ ಧಾರೆಯಾಗಿ ಇಳಿಯಿತು. ಅವರು ಕೊನೆಯ ಗುಟುಕಿನವರೆಗೂ ಕುಡಿದರು. ಅವಳೂ ಬಾಯಿಗಿಟ್ಟು ಮುಖ ಹಿಂಡಿದಳು. 'ಕಷಾಯ' ಎಂದಳು. ಪಕ್ಕದಲ್ಲೇ ನಿಂತವಳನ್ನು ಅವರು ಹೆಸರು ಹಿಡಿದು ಕರೆಯಲಿಲ್ಲ, ಕರೆಯಬೇಕಿರಲಿಲ್ಲ.

ಆ ಚಳಿಗಾಲ ಕಾಫಿ ಇಳಿಯಿತು. ಸಂಕ್ರಾಂತಿಯ ಎಳ್ಳು ಇಳಿಯಲಿಲ್ಲ. ಆಮೇಲೆ ಹಾಸಿಗೆ. ಬೆಳಗಾದರೆ ಕೈಸನ್ನೆ ಮಾಡುವರು: ಬೀಜ ಹಾಕು, ತಿರುಗಿಸು. ಅವಳು ತಿರುಗಿಸುವಳು. ಅವರು ದಿಂಬಿನ ಮೇಲೆ ತಲೆ ವಾಲಿಸಿ ಕೇಳಿ, 'ದಪ್ಪ ಆಯ್ತು, ಒಂಚೂರು ಸಣ್ಣಗೆ ಮಾಡು' ಎನ್ನುವರು. ಅವಳು ಮಾಡುವಳು. ಆ ಪುಡಿಯ ಕಾಫಿ ಕುಡಿಯುವವರು ಯಾರೂ ಇರಲಿಲ್ಲ. ಶಿವರಾತ್ರಿಯ ಮಾರನೆಯ ದಿನ, ಗ್ರೈಂಡರು ನಿಂತ ಮೇಲೆ ಅವಳು ಸ್ವಲ್ಪ ಕಾದಳು. ಅವರು ಏನೂ ಹೇಳಲಿಲ್ಲ. ಸರಿಯಾಗಿದೆಯೇನೋ ಎಂದುಕೊಂಡೇ ಹೊರಗೆ ಬಂದಳು.

ವೈಕುಂಠ ಸಮಾರಾಧನೆ ಕಳೆದು ನೆಂಟರೆಲ್ಲ ಹೋದ ಮೇಲೆ ಒಂದು ದಿನ ಕಮಲಾದೇವಿ ಮೇಲೆ ಬಂದು ಬಾಗಿಲಲ್ಲೇ ನಿಂತರು. 'ಆ ಮಿಷನ್ನು ಹಾಕ್ರೀ ಒಂದೊಂದ್ಸಲ. ನಾವೇನೂ ಅಂದ್ಕೊಳ್ಳಲ್ಲ' ಎಂದರು. ಸತ್ಯಭಾಮಾ ತಲೆಯಾಡಿಸಿದಳು. ಹಾಕಲಿಲ್ಲ. ಈಗಲೂ ಜಾವಕ್ಕೇ ಎಚ್ಚರವಾಗುತ್ತದೆ, ಈಗಲೂ ಅವಳು ಕಣ್ಣು ಮುಚ್ಚಿಕೊಂಡೇ ಇರುತ್ತಾಳೆ.

ಜೋರು ಮನುಷ್ಯರು ಹೋದರೆ ಮನೆಗೆ ಆ ದಿನವೇ ಗೊತ್ತಾಗುತ್ತದೆ: ಬೈಗುಳವಿಲ್ಲ, ಬಾಗಿಲ ದಡಬಡವಿಲ್ಲ, ರೇಡಿಯೊ ಇಲ್ಲ. ತಿರುಮಲೇಶಯ್ಯನಂಥವರು ಹೋದದ್ದು ಮನೆಗೆ ಬೇಗ ತಿಳಿಯುವುದಿಲ್ಲ. ನಲ್ಲಿ ಸುಮ್ಮನಿರುತ್ತದೆ, ಲೋಟ ಸುಮ್ಮನಿರುತ್ತದೆ, ಅವರಿದ್ದಾಗ ಹೇಗಿತ್ತೋ ಹಾಗೆಯೇ. ಆಗ ಆ ನಿಶ್ಶಬ್ದವನ್ನು ಅಡುಗೆಮನೆಯ ಕತ್ತಲಲ್ಲಿ ಒಬ್ಬರು ನಿಂತು ಮಾಡುತ್ತಿದ್ದರು. ಈಗ ಅದು ತಾನಾಗಿ ಇದೆ.