ಮಾಸ್ಕಿನ ಮೇಲಿನ ಕಣ್ಣು

“ನನ್ನ ನೋಡಿ ನೀವ್ಯಾಕೆ ಇಷ್ಟು ಹೆದರ್ಕೊಂಡಿದ್ದೀರಿ?”

ಅವಳ ಮುಂಗೈಗೆ ಸೂಜಿ ಸೇರಿಸಿ ಪ್ಲಾಸ್ಟರು ಒತ್ತುತ್ತಿದ್ದ ಅವನ ಕೈ ಅಲ್ಲೇ ನಿಂತಿತು. ಆಪರೇಷನ್ ಟೇಬಲ್ಲಿನ ಮೇಲೆ ಮಲಗಿದ್ದ ಹೆಂಗಸು ಅವನನ್ನೇ ದಿಟ್ಟಿಸುತ್ತಿದ್ದಳು. ಟೈಲರ್ ಕೆಲಸದವಳು, ಐವತ್ತರ ಆಸುಪಾಸು, ಪಿತ್ತಕೋಶದಲ್ಲಿ ಕಲ್ಲು. ಅವನು ಅರಿವಳಿಕೆ ಕೊಡುವ ಡಾಕ್ಟರು. ಅವಳನ್ನು ಮಲಗಿಸಿ, ಕೊಯ್ದು ಹೊಲಿಯುವ ತನಕ ಉಸಿರಾಡಿಸಿ, ಮತ್ತೆ ಎಬ್ಬಿಸಿ ಕೂರಿಸುವುದು ಅವನ ಪಾಲಿನ ಕೆಲಸ.

“ಹೆದರಿಕೆ ಏನಿಲ್ಲಮ್ಮ. ನನ್ನ ಕಣ್ಣೇ ಹಾಗೆ.”

“ಯಾರ ಕಣ್ಣೂ ಹಾಗಿರಲ್ಲ.”

ಮಾಸ್ಕಿನ ಒಳಗೆ ಅವನು ನಕ್ಕ. ನಕ್ಕದ್ದು ಅವಳಿಗೆ ಕಾಣುವುದಾದರೂ ಹೇಗೆ? ಹಣೆಯನ್ನು ಟೋಪಿ ನುಂಗಿತ್ತು, ಮೂಗು ಬಾಯಿಗಳನ್ನು ಮಾಸ್ಕು. ಮುಖವೆಂದು ಹೊರಗೆ ಉಳಿದದ್ದು ಕಣ್ಣು ಮಾತ್ರ. ಆ ಕಣ್ಣೋ, ಎರಡು ವರ್ಷದಿಂದ ದೆವ್ವ ಕಂಡವನ ಕಣ್ಣು. ಗುಡ್ಡೆ ಮುಂದಕ್ಕೆ ಬಂದು, ರೆಪ್ಪೆ ಹಿಂದಕ್ಕೆ ಸರಿದು, ಕಪ್ಪಿನ ಸುತ್ತ ಬಿಳಿ ಕಾಣುತ್ತಿತ್ತು.

ಗಂಟಲಿನ ಮುಂದುಗಡೆ ಇರುವ ಪುಟ್ಟ ಗ್ರಂಥಿಗೆ ತಲೆಕೆಟ್ಟು ಶುರುವಾದದ್ದು ಇದು. ಮೈಯನ್ನು ಕಾಯಬೇಕಾದ ಪಡೆಯೇ ದಾರಿ ತಪ್ಪಿ ಅದನ್ನು ತಿವಿಯುತ್ತಿತ್ತು. ಅದು ಬೇಡದಷ್ಟು ರಸ ಸುರಿಸುತ್ತಿತ್ತು. ಎದೆ ಡವಗುಟ್ಟಿತು, ಬೆರಳು ನಡುಗಿತು, ಎರಡಾಳಿನ ಊಟ ತಿಂದರೂ ಪ್ಯಾಂಟು ಸೊಂಟದಲ್ಲಿ ನಿಲ್ಲಲಿಲ್ಲ. ಆಗ ನಿಜವಾಗಿಯೂ ಹೆದರಿದ್ದ. ಮಾತ್ರೆ ಶುರುವಾದ ಮೇಲೆ ಎದೆ, ಬೆರಳು, ಪ್ಯಾಂಟು ಎಲ್ಲವೂ ಮರ್ಯಾದೆಗೆ ಬಂದವು. ಕಣ್ಣು ಮಾತ್ರ ಬರಲಿಲ್ಲ. ಗ್ರಂಥಿ ಸುಮ್ಮನಾಯಿತೆಂದು ಕಣ್ಣಿನ ಹಿಂದಿನ ಊತವೂ ಸುಮ್ಮನಾಗಬೇಕೆಂದಿಲ್ಲ, ಅದರ ದಾರಿ ಅದಕ್ಕೆ ಎಂದಿದ್ದರು ಥೈರಾಯ್ಡ್ ಡಾಕ್ಟರು. ಹೀಗೆ ಭಯ ಹೋಗಿ ಭಯದ ಮುಖ ಉಳಿಯಿತು.

ಬೆಳಗಾದರೆ ಹೆಂಡತಿ ‘ಏನಾಯ್ತು?’ ಎನ್ನುತ್ತಾಳೆ. ಲಿಫ್ಟಿನಲ್ಲಿ ಪಕ್ಕದ ಮನೆಯವರು ‘ಏನಾಯ್ತು?’ ಎನ್ನುತ್ತಾರೆ. ದಿನವಿಡೀ ಏನಾಯ್ತು ಎಂದು ಕೇಳಿಸಿಕೊಂಡ ಮನುಷ್ಯ, ಸಂಜೆಯ ಹೊತ್ತಿಗೆ ಏನೋ ಆಗಿರಲೇಬೇಕು ಎಂದು ತಾನೇ ತಡಕಾಡತೊಡಗುತ್ತಾನೆ.

“ರಿಪೋರ್ಟಲ್ಲಿ ಏನೋ ನೋಡಿದ್ದೀರಿ. ಹೇಳ್ತಿಲ್ಲ,” ಎಂದಳು ಅವಳು.

“ಬರೀ ಕಲ್ಲು. ನನಗೆ ಥೈರಾಯ್ಡ್ ಇದೆ, ಅದಕ್ಕೆ ಕಣ್ಣು ಹೀಗಾಗಿದೆ.”

“ಥೈರಾಯ್ಡ್ ನಮ್ಮ ನಾದಿನಿಗೂ ಇದೆ. ಅವಳು ದಪ್ಪ ಆದ್ಲು ಅಷ್ಟೆ.”

“ಅವರದು ಕಡಿಮೆ ಆಗಿರೋದು. ನನ್ನದು ಜಾಸ್ತಿ ಆಗಿರೋದು.”

“ಔಷಧಿ ಇಲ್ವಾ?”

“ಮಾತ್ರೆ ಆಯ್ತು. ಇನ್ನು ಆಪರೇಷನ್ ಮಾಡಿಸ್ಕೋಬೇಕು.”

“ಮಾಡಿಸ್ಕೊಳ್ತೀರಾ?”

ಅವನು ಡ್ರಿಪ್ಪಿನ ಚಕ್ರವನ್ನು ಸುಮ್ಮನೆ ತಿರುಗಿಸಿದ.

“ನೋಡೋಣ.”

ಅವಳು ಎದ್ದು ಕೂತಳು. ಹಸಿರು ಹೊದಿಕೆಯನ್ನು ಸುತ್ತಿಕೊಂಡು ಕಾಲು ಕೆಳಗೆ ಬಿಟ್ಟಳು. “ಹಾಗಾದ್ರೆ ನನಗೂ ನೋಡೋಣ.”

ತೊಳೆದ ಕೈಗಳನ್ನು ಎತ್ತಿ ಹಿಡಿದುಕೊಂಡು ಬಂದ ಸರ್ಜನ್ ಬಾಗಿಲಲ್ಲೇ ನಿಂತ. ಸಿಸ್ಟರ್ ಕಿವಿಯಲ್ಲಿ ಹೇಳಿದ್ದನ್ನು ಕೇಳಿ, ಅವನನ್ನು ಹೊರಗಿನ ಕಾರಿಡಾರಿಗೆ ಕರೆದ.

“ನಿನ್ನ ನೋಡಿದ್ರೆ ನನಗೇ ಡೌಟು ಬರುತ್ತಯ್ಯ, ಕತ್ತರಿ ಒಳಗೇ ಬಿಟ್ಟೆನಾ ಅಂತ.” ಆಮೇಲೆ ನಗು ನಿಲ್ಲಿಸಿ ಹೇಳಿದ, “ಈ ತಿಂಗಳಲ್ಲಿ ಇದು ಎರಡನೇದು. ಮೇಲಿನವರು ಕೇಳ್ತಿದ್ದಾರೆ. ಎಷ್ಟು ದಿನ ಅಂತ ನಾನು ಅಡ್ಡ ನಿಲ್ಲಲಿ? ಆ ಆಪರೇಷನ್ ಮಾಡಿಸ್ಕೊಂಡುಬಿಡು.”

“ಮಾಡಿಸಿದ್ರೂ ಕಣ್ಣು ಸರಿಹೋಗುತ್ತೆ ಅಂತಿಲ್ಲ.”

“ಗೊತ್ತು. ಮಾಡಿಸ್ಕೊಳ್ತಿದ್ದಾರೆ ಅಂತಾದ್ರೂ ಮೇಲಿನವರಿಗೆ ಹೇಳಬಹುದಲ್ಲ.”

ಎಲ್ಲವನ್ನೂ ಓದಿಕೊಂಡವನು ಅವನು. ಮಾತ್ರೆ ನಿಲ್ಲಿಸಿದಾಗ ರೋಗ ಮರಳಿತ್ತು. ಎರಡನೆಯ ಸಲವೂ ಅದೇ ಕಥೆ. ವಿಕಿರಣದ ಅಯೋಡಿನ್ ನುಂಗಿ ಗ್ರಂಥಿಯನ್ನು ಸುಡಬಹುದಿತ್ತು, ಆದರೆ ಈಗಿನ ಸ್ಥಿತಿಯಲ್ಲಿ ಅದರಿಂದ ಕಣ್ಣು ಇನ್ನಷ್ಟು ಕೆಡುವ ಭಯ. ಉಳಿದದ್ದು ಗ್ರಂಥಿಯನ್ನೇ ತೆಗೆಸುವುದು, ಆಮೇಲೆ ಬದುಕಿರುವಷ್ಟು ದಿನ ಬೆಳಿಗ್ಗೆ ಒಂದು ಮಾತ್ರೆ. ಕತ್ತಿಗೆ ಅವನು ಅಂಜಿರಲಿಲ್ಲ. ಅದಕ್ಕೆ ಮೊದಲು ಮಲಗಬೇಕಲ್ಲ, ಅದಕ್ಕೆ ಅಂಜಿದ್ದ. ಸಾವಿರಾರು ಜನಕ್ಕೆ ಅದನ್ನು ನಿದ್ದೆಯೆಂದು ಹೇಳಿ ನಂಬಿಸಿದವನು. ನಿದ್ದೆಯಲ್ಲಿ ಮನುಷ್ಯ ಮಗ್ಗುಲಾಗುತ್ತಾನೆ, ಗೊರಕೆ ಹೊಡೆಯುತ್ತಾನೆ, ಕನಸಿನಲ್ಲಾದರೂ ಇರುತ್ತಾನೆ. ಅರಿವಳಿಕೆಯಲ್ಲಿ ಯಾರೂ ಇರುವುದಿಲ್ಲ.

“ಬೇರೆ ಯಾರನ್ನಾದ್ರೂ ಕರೆಸು,” ಎಂದ.

“ಯಾರಿದ್ದಾರೆ ಇವತ್ತು? ಆ ಹೆಂಗಸಿಗೆ ನಿನ್ನೆಯಿಂದ ಜ್ವರ. ಕಾಯೋ ಹಾಗಿಲ್ಲ. ನೀನು ಎದುರಿಗೆ ಬರಬೇಡ, ಅಷ್ಟೆ.”

ಸರ್ಜನ್ ಒಳಗೆ ಹೋಗಿ ಹೇಳಿದ್ದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು. “ಆ ಡಾಕ್ಟರನ್ನ ಕಳಿಸಿಬಿಟ್ಟೆ ಅಮ್ಮ. ಬೇರೆಯವರು ಬರ್ತಿದ್ದಾರೆ.”

ಅವಳು ಮತ್ತೆ ಟೇಬಲ್ಲಿನ ಮೇಲೆ ಒರಗುವ ತನಕ ಕಾದು, ಅವನು ಚಪ್ಪಲಿ ಬಾಗಿಲಲ್ಲೇ ಬಿಟ್ಟು, ಕಳ್ಳನ ಹಾಗೆ ಒಳಗೆ ಹೋಗಿ ಅವಳ ತಲೆಯ ಹಿಂದೆ ನಿಂತ. ದಿನವೂ ಅವನು ನಿಲ್ಲುವ ಜಾಗ ಅದೇ. ಬಗ್ಗಿ ಮಾತಾಡಿಸಿದರೆ ಮಲಗಿದವರಿಗೆ ಅವನ ಮುಖ ತಲೆಕೆಳಗಾಗಿ ಕಾಣುತ್ತದೆ. ಎಷ್ಟೋ ಜನ ಕೊನೆಯದಾಗಿ ನೋಡುವುದು ಅದನ್ನೇ. ಇವತ್ತು ಬಗ್ಗಲಿಲ್ಲ.

“ಬಂದ್ರಾ?”

“ಬಂದರು,” ಎಂದಳು ಸಿಸ್ಟರ್, ಅವಳ ಕೈ ಹಿಡಿದುಕೊಂಡು.

“ಮಾತೇ ಆಡಲ್ವಲ್ಲ.”

“ಸ್ವಲ್ಪ ಮೌನಿ,” ಎಂದ ಸರ್ಜನ್.

“ಒಳ್ಳೆಯವರಾ?”

“ತುಂಬ ಒಳ್ಳೆಯವರು.”

ಇಲ್ಲದ ಮನುಷ್ಯನೊಬ್ಬನ ಹೊಗಳಿಕೆಯನ್ನು ಅವನು ತಲೆ ತಗ್ಗಿಸಿ ಕೇಳಿಸಿಕೊಂಡ. ನಾಚಿಕೆಯಾಯಿತು. ಉದ್ದನೆಯ ಕೊಳವೆಗೆ ಸಿರಿಂಜು ಸೇರಿಸಿ, ಹಾಲಿನಂಥ ಬಿಳಿ ಔಷಧವನ್ನು ನಿಧಾನವಾಗಿ ಒತ್ತಿದ.

“ಪಾಪ, ಆ ಡಾಕ್ಟ್ರಿಗೆ ಹೇಳಿ,” ಎಂದಳು ಅವಳು. “ಬೇಜಾರು ಮಾಡ್ಕೋಬೇಡಿ ಅಂತ. ನಾನು ಯಾಕೆ ಹಾಗಂದೆ ಅಂದ್ರೆ…”

ಅಲ್ಲಿಗೆ ನಿಂತಿತು. ಉಳಿದ ಅರ್ಧ ಮಾತು ಎಲ್ಲಿಗೆ ಹೋಯಿತು? ಹೀಗೆ ಅರ್ಧಕ್ಕೆ ನಿಂತ ಎಷ್ಟೋ ಮಾತುಗಳನ್ನು ಅವನು ಕೇಳಿದ್ದ. ಎದ್ದ ಮೇಲೆ ಯಾರೊಬ್ಬರೂ ಮಿಕ್ಕದ್ದನ್ನು ಹೇಳಿ ಮುಗಿಸಿದ್ದಿಲ್ಲ.

ಗಂಟಲಿಗೆ ನಳಿಕೆ ಇಳಿಸಿದ. ಅವಳ ರೆಪ್ಪೆಗಳ ನಡುವೆ ಸಣ್ಣ ಸಂದು ಉಳಿದಿತ್ತು. ಕಣ್ಣು ಒಣಗದ ಹಾಗೆ ಎರಡಕ್ಕೂ ಟೇಪು ಅಂಟಿಸಿದ. ಸರ್ಜನ್ ಯಾವುದೋ ಮನೆ ಕಟ್ಟಿಸುವ ಮಾತು ತೆಗೆದ. ಯಂತ್ರದಲ್ಲಿ ಅವಳ ಎದೆಬಡಿತ ಒಂದೇ ಸಮನೆ ಕೂಗುತ್ತಿತ್ತು. ಜೇಬಿನಲ್ಲಿ ಫೋನು ಗುರುಗುಟ್ಟಿತು. ತೆಗೆದು ನೋಡಿದರೆ ಥೈರಾಯ್ಡ್ ಡಾಕ್ಟರ ಸಂದೇಶ: ‘ದಿನ ಗೊತ್ತು ಮಾಡಿದ್ರಾ? ಈಗ ಎಲ್ಲ ಹತೋಟಿಯಲ್ಲಿದೆ, ಇದೇ ಒಳ್ಳೆ ಸಮಯ.’ ‘ಸೋಮವಾರ’ ಎಂದು ಬರೆದ. ಅಳಿಸಿದ. ಮತ್ತೆ ಬರೆದು, ಕಳಿಸದೆ ಹಾಗೇ ಬಿಟ್ಟು ಫೋನನ್ನು ಜೇಬಿಗಿಳಿಸಿದ.

ಆಗ ತನ್ನ ಎದೆಯೂ ಕೇಳಿಸಿತು. ಅದು ಅವಳದಕ್ಕಿಂತ ಜೋರಾಗಿ ಓಡುತ್ತಿತ್ತು. ಮಾತ್ರೆ ಬೆಳಿಗ್ಗೆಯೇ ನುಂಗಿದ್ದ. ಹೋದ ವಾರದ ರಕ್ತಪರೀಕ್ಷೆ ಸರಿಯಾಗಿಯೇ ಇತ್ತು. ರೋಗದ ಮೇಲೆ ಹಾಕುವಂತಿರಲಿಲ್ಲ. ಇದು ಅಪ್ಪಟ ಭಯ, ಅವನ ಸ್ವಂತದ್ದು. ಹೆಂಗಸು ತಪ್ಪು ತಿಳಿದಿದ್ದಳು ಎಂದುಕೊಂಡಿದ್ದ. ತಪ್ಪೇನು ತಿಳಿದಿದ್ದಳು?

ಹೊಲಿಗೆ ಮುಗಿಸಿ ಸರ್ಜನ್ ಗ್ಲೌಸು ಕಿತ್ತುಕೊಂಡು ಹೋದ. ಅವನು ಟೇಪು ಬಿಡಿಸಿದ, ಔಷಧ ನಿಲ್ಲಿಸಿದ, ಅವಳು ಕೆಮ್ಮಿದಾಗ ನಳಿಕೆ ಎಳೆದ. ಇನ್ನು ಸಿಸ್ಟರ್‌ಗೆ ಒಪ್ಪಿಸಿ ಕಣ್ಮರೆಯಾಗಬೇಕು. ಆದರೆ ಅವಳ ಉಸಿರು ಗಂಟಲಲ್ಲೇ ಸಿಕ್ಕಿಕೊಂಡಿತು. ಬಗ್ಗಿ, ದವಡೆಯನ್ನು ಎರಡೂ ಕೈಯಲ್ಲಿ ಮುಂದಕ್ಕೆ ಎತ್ತಿ ಹಿಡಿದ. ಗಾಳಿ ಸರಾಗವಾಯಿತು. ಕೈ ಸಡಿಲಿಸಿದರೆ ಮತ್ತೆ ಗೊರಗೊರ.

“ಆಮ್ಲಜನಕದ ಮಾಸ್ಕು ಕೊಡಿ,” ಎಂದ. ಸಿಸ್ಟರ್ ಆಚೆ ಕಪಾಟಿನತ್ತ ಓಡಿದಳು.

ಅವಳು ಕಣ್ಣು ಬಿಟ್ಟಳು.

ಕಿರುಚುತ್ತಾಳೆ ಎಂದುಕೊಂಡ. ಕಿರುಚಲಿಲ್ಲ. ಮೇಲೆ ತಲೆಕೆಳಗಾಗಿ ತೂಗುತ್ತಿದ್ದ ಆ ಕಣ್ಣುಗಳನ್ನು ಬಹಳ ಹೊತ್ತು ನೋಡಿದಳು. ಅವಳ ಮುಖದಲ್ಲಿ ಭಯವಿರಲಿಲ್ಲ, ಮರುಕವಿತ್ತು. ತುಟಿ ಅಲುಗಿತು.

“ಅಯ್ಯೋ… ಯಾರೂ ಮುಚ್ಚೇ ಇಲ್ವಲ್ಲ.”

ಸೂಜಿ ಚುಚ್ಚಿದ ಕೈ ತೂರಾಡುತ್ತ ಮೇಲೆದ್ದು ಅವನ ಮುಖ ತಡಕಿತು. ಎರಡು ಬೆರಳು ಅವನ ರೆಪ್ಪೆಗಳ ಮೇಲೆ ಕೂತವು. ಹೆಣದ ಕಣ್ಣು ಮುಚ್ಚುವ ಹಾಗೆ, ಮೆಲ್ಲಗೆ ಕೆಳಕ್ಕೆ ಎಳೆದಳು.

ಅವನು ಅಲುಗುವ ಹಾಗಿರಲಿಲ್ಲ. ದವಡೆ ಬಿಟ್ಟರೆ ಅವಳ ಉಸಿರು ನಿಲ್ಲುತ್ತಿತ್ತು. ಬದುಕಿದ್ದೀನಮ್ಮ ಎನ್ನಲು ಹೊರಟ, ನಾಲಗೆ ಏಳಲಿಲ್ಲ. ರೆಪ್ಪೆ ಅರ್ಧ ಇಳಿದು ನಿಂತಿತು. ಅವಳು ಬಿಡಲಿಲ್ಲ. ಬೆರಳು ಸರಿಮಾಡಿಕೊಂಡು, ಸಮಾಧಾನವಾಗಿ, ಮತ್ತೆ ಒತ್ತತೊಡಗಿದಳು.