ಸಪ್ತಮಿಯ ತಪ್ಪು ಉತ್ತರ

ತರಬೇತಿ ಕೇಂದ್ರದ ಹುಡುಗರು ಎದುರಿಗೆ ಅವನನ್ನು ಸಾರ್ ಅನ್ನುತ್ತಿದ್ದರು, ಬೆನ್ನ ಹಿಂದೆ ಸಪ್ತಮಿ ಅನ್ನುತ್ತಿದ್ದರು. ಸರ್ಕಾರಿ ನೌಕರಿಯ ಪರೀಕ್ಷೆಯನ್ನು ಏಳು ಸಲ ಬರೆದು ಏಳು ಸಲವೂ ಬಿದ್ದವನು ಅವನು. ಎಂಟನೆಯ ಸಲ ಬರೆಯೋಣವೆಂದರೆ ವಯಸ್ಸು ಮೀರಿತ್ತು. ವ್ಯಾಕರಣ ಬಲ್ಲ ಯಾವನೋ ಒಬ್ಬ, “ಸಪ್ತಮೀ ವಿಭಕ್ತಿಯ ಪ್ರತ್ಯಯ ಯಾವುದು? ಅಲ್ಲಿ. ಸಾರ್ ಏಳು ವರ್ಷದ ಹಿಂದೆ ಎಲ್ಲಿದ್ರು? ಅಲ್ಲಿ. ಈಗ ಎಲ್ಲಿದಾರೆ? ಅಲ್ಲೇ!” ಅಂದಿದ್ದನಂತೆ. ಹಾಗೆ ಅಂದವನು ಪಾಸಾಗಿ ಎಲ್ಲೋ ಅಧಿಕಾರಿಯಾಗಿ ಹೋದ. ಹೆಸರು ಮಾತ್ರ ಬ್ಯಾಚಿನಿಂದ ಬ್ಯಾಚಿಗೆ ಇಳಿದುಬಂತು.

ಸಪ್ತಮಿಗೆ ಅಲ್ಲಿ ಎರಡು ಕೆಲಸ. ಒಂದು, ವಾರಕ್ಕೆ ನೂರು ಸಾಮಾನ್ಯ ಜ್ಞಾನದ ಪ್ರಶ್ನೆ ತಯಾರಿಸುವುದು. ಮೆಟ್ಟಿಲ ಕೆಳಗಿನ ಕೋಣೆಯಲ್ಲಿ, ತಲೆ ಎತ್ತಿದರೆ ಸೂರು ಬಡಿಯುವ ಜಾಗದಲ್ಲಿ ಕೂತು, ಒಂದು ಪ್ರಶ್ನೆ, ನಾಲ್ಕು ಉತ್ತರ ಅಂತ ಟೈಪ್ ಮಾಡುತ್ತಿದ್ದ. ಸರಿ ಉತ್ತರದ್ದೇನು, ಅದು ಪುಸ್ತಕದಲ್ಲೇ ಇರುತ್ತದೆ. ಉಳಿದ ಮೂರು ತಪ್ಪು ಉತ್ತರ ಹುಟ್ಟಿಸುವುದೇ ಕಸುಬು. ನೋಡಿದರೆ ಸರಿ ಅನ್ನಿಸಬೇಕು, ಓದಿದವನಿಗೂ ಒಂದು ಗಳಿಗೆ ಎದೆ ಧಸಕ್ ಅನ್ನಬೇಕು. ಅದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಪರೀಕ್ಷೆಯ ಕೋಣೆಯಲ್ಲಿ ಅವನನ್ನು ಏಳು ಸಲ ಕೆಡವಿದ್ದೂ ಅದೇ: ನಾಲ್ಕು ಉತ್ತರ ಕಂಡ ಕೂಡಲೇ ನಾಲ್ಕೂ ನಿಜವೇ ಇರಬಹುದು ಅನ್ನಿಸಿ ಕೈ ಕಟ್ಟಿಹೋಗುತ್ತಿತ್ತು.

ಎರಡನೆಯ ಕೆಲಸ ಹೊಸ ಬ್ಯಾಚಿನ ಮೊದಲ ದಿನದ್ದು. ಕೇಂದ್ರದ ಒಡೆಯನನ್ನು ಎಲ್ಲರೂ ಡೈರೆಕ್ಟರ್ ಸಾರ್ ಅನ್ನುತ್ತಿದ್ದರು. ಆತ ಮೈಕು ಹಿಡಿದು ಹುರಿದುಂಬಿಸುವ ಮಾತೆಲ್ಲ ಆಡಿ, ಕೊನೆಗೆ ಸಪ್ತಮಿಯನ್ನು ಒಳಗಿಂದ ಕರೆಸಿ ಹೆಗಲ ಮೇಲೆ ಕೈ ಹಾಕುತ್ತಿದ್ದ.

“ಇವರನ್ನ ಚೆನ್ನಾಗಿ ನೋಡ್ಕೊಳ್ಳಿ. ಬುದ್ಧಿವಂತರು. ಏಳು ಸಲ ಬರೆದ್ರು. ಏನಾಯ್ತು ಸಾರ್, ಹೇಳಿ?”

“ಏಳು ಸಲವೂ ಆಗ್ಲಿಲ್ಲ.”

“ಯಾಕಾಗ್ಲಿಲ್ಲ?”

“ಶಿಸ್ತಿರಲಿಲ್ಲ ಸಾರ್.”

ಇಷ್ಟೇ ಅವನ ಪಾತ್ರ. ಸಭೆಯಲ್ಲಿ ಮೊದಲು ಪಿಸುಪಿಸು, ಆಮೇಲೆ ಸಣ್ಣ ನಗೆ. ಅವನು ಕೈ ಕಟ್ಟಿಕೊಂಡು ಗಡಿಯಾರ ನೋಡುತ್ತಿದ್ದ. ಒಂದೂವರೆ ನಿಮಿಷಕ್ಕಿಂತ ಹೆಚ್ಚು ಹಿಡಿಯುತ್ತಿರಲಿಲ್ಲ. ಅಷ್ಟು ಹೊತ್ತು ಕಲ್ಲಾಗಿಬಿಟ್ಟರೆ ಮತ್ತೆ ನಾಲ್ಕು ತಿಂಗಳು ಮೆಟ್ಟಿಲ ಕೆಳಗೆ ನೆಮ್ಮದಿ.

ಮನೆಯಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ತಾಯಿಗೆ ಮಗ ಮೇಷ್ಟ್ರು, ಮುಗಿಯಿತು. ಆಕೆ ಹೊಲಿಗೆ ಅಂಗಡಿಯವರು ಕೊಡುವ ರವಿಕೆಗಳಿಗೆ ಮನೆಯಲ್ಲೇ ಕೂತು ಹುಕ್ಕು ಹಾಕುತ್ತಿದ್ದಳು. ಓದು ಬರಹ ಬಾರದು. ಆದರೆ ಮಗ ಏಳು ವರ್ಷ ಆಕೆಯ ಪಕ್ಕದಲ್ಲೇ ಕೂತು ಗಟ್ಟಿಯಾಗಿ ಓದಿದ್ದ. ಕೇಳಿ ಕೇಳಿ ಅರ್ಧದಷ್ಟು ಉತ್ತರ ಆಕೆಯ ನಾಲಿಗೆಯ ಮೇಲೇ ಕೂತಿದ್ದವು, ಅರ್ಥ ಮಾತ್ರ ದೇವರಿಗೇ ಗೊತ್ತು. ಇರುವೆ ಕಚ್ಚಿದರೆ “ಅಯ್ಯೋ, ಫಾರ್ಮಿಕ್ಕು!” ಅನ್ನುತ್ತಿದ್ದಳು. ಮಕ್ಕಳಿಬ್ಬರೂ ನಗುತ್ತಿದ್ದರು.

ಇಬ್ಬರಲ್ಲಿ ಚಿಕ್ಕವಳು ಅವನ ತಂಗಿ. ಅಣ್ಣನಿಗಿಂತ ಒಂಬತ್ತು ವರ್ಷಕ್ಕೆ ಚಿಕ್ಕವಳು, ಮಾತಿನಲ್ಲಿ ಚುರುಕು. ಅವಳೂ ಅದೇ ಪರೀಕ್ಷೆಗೆ ಕೂರುತ್ತೇನೆಂದು ಅದೇ ಕೇಂದ್ರಕ್ಕೆ ಸೇರಿದಳು. ಸೇರುವ ಹಿಂದಿನ ದಿನ ಅಣ್ಣನನ್ನು ಬಾಗಿಲ ಹೊರಗೆ ಕರೆದು, “ಅಣ್ಣ, ಅಲ್ಲಿ ನಾವಿಬ್ರೂ ಗುರುತಿಲ್ಲದವರ ಥರ ಇರೋಣ. ನೀನು ಪ್ರಶ್ನೆ ತೆಗೆಯೋನು, ನಾಳೆ ನಾನು ಮುಂದೆ ಬಂದ್ರೆ ಮೊದಲೇ ಹೇಳ್ಕೊಟ್ಟ ಅಂತಾರೆ” ಅಂದಳು.

ಮಾತು ನ್ಯಾಯವಾಗಿತ್ತು. ಅವನು ಹೂಂ ಅಂದ. ಮೊದಲ ದಿನದ ತನ್ನ ಪಾತ್ರದ ಬಗ್ಗೆ ಹೇಳಿಬಿಡಬೇಕೆಂದುಕೊಂಡ, ಹೇಳದೆ ಒಳಗೆ ಹೋದ.

ಮರುದಿನ ಡೈರೆಕ್ಟರು ಅವನ ಹೆಗಲ ಮೇಲೆ ಕೈ ಹಾಕಿದಾಗ ತಂಗಿ ಮೂರನೆಯ ಸಾಲಿನಲ್ಲಿದ್ದಳು. ಅವನು ಗಡಿಯಾರ ನೋಡುತ್ತೇನೆ ಅಂದುಕೊಂಡರೂ ಕಣ್ಣು ಅತ್ತಲೇ ಹೋಯಿತು. “ಶಿಸ್ತಿರಲಿಲ್ಲ ಸಾರ್” ಅಂದಾಗ ಎಲ್ಲರೂ ನಕ್ಕರು. ಅವಳೂ ನಕ್ಕಳು. ಪಕ್ಕದವಳ ತೋಳಿಗೆ ತೋಳು ತಾಗಿಸಿ ನಕ್ಕಳು.

ಸಂಜೆ ಮನೆಯಲ್ಲಿ ಅವಳೇ ಮಾತು ತೆಗೆದಳು. “ನಗದೇ ಇದ್ದಿದ್ರೆ ಅನುಮಾನ ಬರ್ತಿತ್ತಣ್ಣ.”

“ಗೊತ್ತು ಬಿಡೆ.”

“ಅಮ್ಮನಿಗೆ ಹೇಳಲ್ಲ.”

“ಹೇಳಬೇಡ.”

ಮುಂದಿನ ಎಂಟು ತಿಂಗಳು ಅವಳನ್ನು ತಯಾರು ಮಾಡಿದವನು ಅವನೇ. ಬೆಳಿಗ್ಗೆ ಹಲ್ಲುಜ್ಜುವಾಗ ಗ್ರಹಗಳು, ಸ್ನಾನದ ನೀರು ಕಾಯುವಷ್ಟರಲ್ಲಿ ಲೋಹಗಳು, ಬಟ್ಟೆ ಹಿಂಡುವಾಗ ಮೂಳೆ, ಗ್ರಂಥಿ, ವಿಟಮಿನ್ನು. “ನಾಲ್ಕೂ ಓದಬೇಡ. ಪ್ರಶ್ನೆ ಓದಿದ ತಕ್ಷಣ ಕಣ್ಣು ಮುಚ್ಚಿ ಉತ್ತರ ಹೇಳ್ಕೋ, ಆಮೇಲೆ ಕಣ್ಣು ಬಿಟ್ಟು ಅದೆಲ್ಲಿದೆ ಹುಡುಕು. ತಪ್ಪು ಉತ್ತರದ ಮುಖಾನೇ ನೋಡಬೇಡ” ಅನ್ನುತ್ತಿದ್ದ. ತನಗೆ ಬಾರದ ವಿದ್ಯೆಯನ್ನು ತಂಗಿಗೆ ಅಚ್ಚುಕಟ್ಟಾಗಿ ಕಲಿಸಿದ. ಕೇಂದ್ರದಲ್ಲಿ ಎದುರಾದರೆ ಅವಳು ಗೋಡೆಯ ಕಡೆ ಮುಖ ತಿರುಗಿಸಿ ಹೋಗುತ್ತಿದ್ದಳು. ಗೆಳತಿಯರ ಜೊತೆ ಅವಳೂ ಸಪ್ತಮಿ ಅನ್ನುವುದು ಒಮ್ಮೆ ಮೆಟ್ಟಿಲ ಕೆಳಗಿದ್ದ ಅವನ ಕಿವಿಗೆ ಬಿತ್ತು. ಇದೂ ಅನುಮಾನ ಬಾರದಿರಲಿ ಅಂತಲೇ ಇರಬೇಕು ಅಂದುಕೊಂಡ.

ಫಲಿತಾಂಶ ಬಂತು. ತಂಗಿಗೆ ಮೂರನೆಯ ಸ್ಥಾನ. ಕೇಂದ್ರದ ಬಾಗಿಲಿಗೆ ಅವಳ ಆಳೆತ್ತರದ ಚಿತ್ರ ಬಂತು. ಡೈರೆಕ್ಟರು ಸಪ್ತಮಿಯನ್ನು ಕೋಣೆಗೆ ಕರೆದ.

“ಭಾನುವಾರ ಸನ್ಮಾನ ಇಟ್ಕೊಂಡಿದೀನಿ. ಬರೀ ಹೂಗುಚ್ಛ ಕೊಟ್ರೆ ಜನ ಆಕಳಿಸ್ತಾರೆ ಕಣ್ರೀ. ಗೆದ್ದವರು, ಸೋತವರು ಅಂತ ಒಂದು ರಸಪ್ರಶ್ನೆ ಮಾಡೋಣ. ಆ ಕಡೆ ಆ ಹುಡುಗಿ, ಈ ಕಡೆ ನೀವು. ಐದು ಪ್ರಶ್ನೆ. ಮೊದಲು ನಿಮ್ಮನ್ನ ಕೇಳ್ತೀನಿ. ಒಂದನೇದು ಸರಿ ಹೇಳಿ, ಇಲ್ದಿದ್ರೆ ನಾಟಕ ಅನ್ಸುತ್ತೆ. ಉಳಿದ ನಾಲ್ಕೂ ತಪ್ಪು.”

ಸಪ್ತಮಿ ಹೊರಡಲು ಬಾಗಿಲ ಕಡೆ ತಿರುಗಿದ.

“ತಪ್ಪು ಉತ್ತರ ನೀವೇ ಆರಿಸ್ಕೊಳ್ಳಿ, ಅದ್ರಲ್ಲಿ ನೀವು ಪಳಗಿದ ಕೈ” ಅಂತ ನಕ್ಕ ಡೈರೆಕ್ಟರು. “ನಂಬೋ ಹಾಗಿರ್ಲಿ ಅಷ್ಟೇ.”

ಆಗುವುದಿಲ್ಲ ಅನ್ನಬಹುದಿತ್ತು. ಮನೆಗೆ ಹೋಗಿ ತಂಗಿಗೆ, ನೀನೇ ಬೇಡ ಅನ್ನು ಅಂತ ಹೇಳಬಹುದಿತ್ತು. ಸಂಜೆ ಮನೆಯಲ್ಲಿ ಹೇಳಲಿಕ್ಕೇ ಬಾಯಿ ತೆರೆದ. ಅವಳು ಅವನಿಗಿಂತ ಮೊದಲೇ, “ಡೈರೆಕ್ಟರ್ ಸಾರ್ ನನಗೂ ಪ್ರಶ್ನೆ ಕೊಟ್ಟಿದಾರೆ. ಐದೇ ನಿಮಿಷ ಅಣ್ಣ. ಆಮೇಲೆ ನಾನು ಕೆಲಸಕ್ಕೆ ಹೋಗ್ತೀನಿ, ಮತ್ಯಾವತ್ತೂ ಆ ಕಡೆ ತಲೆ ಹಾಕಿ ಮಲಗಲ್ಲ” ಅಂದುಬಿಟ್ಟಳು. ಅಣ್ಣ ಅಲ್ಲೇ ಉಳಿಯುವವನು ಅನ್ನುವುದು ಅವಳಿಗೆ ಹೊಳೆಯಲೇ ಇಲ್ಲವೋ, ಹೊಳೆದೂ ಸುಮ್ಮನಾದಳೋ.

ತಾಯಿಯನ್ನು ಕರೆತರಲೇಬೇಕೆಂದು ಡೈರೆಕ್ಟರು ಪಟ್ಟು ಹಿಡಿದಿದ್ದ. ಅಮ್ಮನಿಗೆ ವಿಷಯ ಅಣ್ಣ ಹೇಳಲಿ ಎಂದು ತಂಗಿ, ತಂಗಿ ಹೇಳಲಿ ಎಂದು ಅಣ್ಣ, ಇಬ್ಬರೂ ಭಾನುವಾರದವರೆಗೆ ತಳ್ಳಿದರು. ಆಕೆ ಒಗೆದಿಟ್ಟ ಸೀರೆ ಉಟ್ಟು, “ನಿಮ್ಮಿಬ್ರನ್ನೂ ಒಟ್ಟಿಗೆ ಕೂರಿಸ್ತಾರೇನೋ? ಮೇಷ್ಟ್ರೂ ಮನೆಯವನೇ, ಗೆದ್ದವಳೂ ಮನೆಯವಳೇ” ಅಂತ ಸಂಭ್ರಮದಲ್ಲಿ ಹೊರಟಳು. ಅವಳನ್ನು ತಂಗಿ ಕರೆದೊಯ್ದಳು. ಅವನು ಬೇರೆ ದಾರಿಯಲ್ಲಿ ಹೋದ.

ಸಭಾಂಗಣ ಕಿಕ್ಕಿರಿದಿತ್ತು. ತಾಯಿಗೆ ಮೊದಲ ಸಾಲಿನ ನಡುವಿನ ಕುರ್ಚಿ. ವೇದಿಕೆಯ ಮೇಲೆ ಎರಡು ಮೇಜು, ಎರಡು ಮೈಕು. ತಂಗಿಯ ಮೇಜಿಗೆ ಹೂವು ಸುತ್ತಿದ್ದರು, ಅವನದಕ್ಕೆ ಏನೂ ಇರಲಿಲ್ಲ. ಅವನು ಬಂದು ನಿಂತಾಗ ತಾಯಿ ಕುರ್ಚಿಯಿಂದ ಅರ್ಧ ಎದ್ದು, ಇಲ್ಲಿದ್ದೀನಿ ಅನ್ನುವಂತೆ ಕೈ ಎತ್ತಿದಳು. ಅವನು ನೋಡದವನಂತೆ ನಿಂತ.

“ಈ ಕಡೆ ಮೂರನೇ ಸ್ಥಾನ!” ಡೈರೆಕ್ಟರು ಕೂಗಿದ. ಚಪ್ಪಾಳೆ. “ಈ ಕಡೆ ಏಳು ಸಲ ಬರೆದು ಏಳು ಸಲ ಬಿದ್ದವರು! ನಮ್ಮ ಸಪ್ತಮಿಯವರು!” ಅಲ್ಲಿಯವರೆಗೆ ಬೆನ್ನ ಹಿಂದೆ ಇದ್ದ ಹೆಸರು ಮೈಕಿನಲ್ಲಿ ಬಂದದ್ದೇ ತಡ, ಹುಡುಗರು ಶಿಳ್ಳೆ ಹಾಕಿದರು. ತಾಯಿ ಎತ್ತಿದ್ದ ಕೈಯನ್ನು ಮೆಲ್ಲಗೆ ಮಡಿಲಿಗೆ ಇಳಿಸಿದಳು.

ಮನುಷ್ಯನ ದೇಹದ ಅತಿ ದೊಡ್ಡ ಗ್ರಂಥಿ ಯಾವುದು? “ಯಕೃತ್ತು” ಅಂದ. ಸರಿ. ಯಾರೋ ವ್ಯಂಗ್ಯಕ್ಕೆ ಚಪ್ಪಾಳೆ ತಟ್ಟಿದರು.

ಉಪಗ್ರಹವೇ ಇಲ್ಲದ ಎರಡು ಗ್ರಹ? “ಬುಧ… ಮಂಗಳ” ಅಂದ. ತಂಗಿ, “ಬುಧ ಮತ್ತು ಶುಕ್ರ” ಅಂದಳು. ಸಭೆಯಲ್ಲಿ ಗದ್ದಲವೆದ್ದಿತು. ತಾಯಿ ಮುಂದಕ್ಕೆ ಬಾಗಿ ಕೂತಳು. ಅವಳ ತುಟಿ ಅಲ್ಲಾಡುತ್ತಿದ್ದುದು ಅವನಿಗೆ ಕಂಡಿತು.

“ಮೂರನೇದು, ಬಹಳ ಸುಲಭ. ಇರುವೆ ಕಚ್ಚಿದಾಗ ನಮ್ಮ ಚರ್ಮಕ್ಕೆ ಸೇರೋ ಆಮ್ಲ ಯಾವುದು?”

ಅವನು ಮೈಕಿನ ಹತ್ತಿರ ಬಾಗಿದ. “ಸಿಟ್ರಿಕ್ ಆಮ್ಲ.”

“ಫಾರ್ಮಿಕ್ಕು ಕಣೋ!” ತಾಯಿ ಎದ್ದೇ ನಿಂತಿದ್ದಳು. “ನಿಂಗೊತ್ತಲ್ಲೋ! ಹೇಳೋ! ಫಾರ್ಮಿಕ್ಕು ಅನ್ನೋ!”

ಸಭೆ ಬಿದ್ದು ಬಿದ್ದು ನಕ್ಕಿತು. ಡೈರೆಕ್ಟರಿಗೆ ಕೇಳದೇ ವರ ಸಿಕ್ಕಂತಾಯಿತು. ಮೆಟ್ಟಿಲಿಳಿದು ಓಡಿಬಂದು ಮೈಕನ್ನು ಆಕೆಯ ಬಾಯಿಗೆ ಹಿಡಿದ. “ಇವರು ನಮ್ಮ ವಿಜೇತೆಯ ತಾಯಿ! ಅಮ್ಮಾ, ಎಷ್ಟು ಓದಿದೀರಿ?”

“ನಾನೆಲ್ಲಿ ಓದಿದೀನಿ ಸ್ವಾಮಿ.”

“ಮತ್ತೆ ಉತ್ತರ ಹೇಗೆ ಗೊತ್ತಾಯ್ತು?”

“ಅವನೇ ಅಲ್ವಾ…” ಅಂತ ಆಕೆ ವೇದಿಕೆಯತ್ತ ಕೈ ತೋರಿಸಿ, ಮಾತನ್ನು ನಡುವೆಯೇ ನಿಲ್ಲಿಸಿದಳು. ಹೂವು ಸುತ್ತಿದ ಮೇಜಿನ ಹಿಂದೆ ಮಗಳು ತಲೆ ಆಡಿಸುತ್ತಿದ್ದಳು. ಯಾರಿಗೂ ಕಾಣದಷ್ಟು ಸಣ್ಣಗೆ, ಬೇಡ ಬೇಡ ಅಂತ. ಕಣ್ಣಲ್ಲಿ ನೀರು ತುಂಬಿತ್ತು. ತಾಯಿ ಆ ಮೇಜು ನೋಡಿದಳು, ಈ ಮೇಜು ನೋಡಿದಳು. ಇವನು ನನ್ನ ಮಗ ಅಂತ ಹೇಳಿಬಿಡಲಿ ಎಂದು ಸಪ್ತಮಿ ಆಸೆಪಟ್ಟ. ಎಷ್ಟೋ ವರ್ಷಗಳ ಮೇಲೆ ಏನನ್ನಾದರೂ ಅಷ್ಟು ಆಸೆಪಟ್ಟಿದ್ದ.

“ಮಗಳು ಓದುವಾಗ ಕೇಳಿಸ್ಕೊಂಡಿದ್ದು” ಅಂದಳು ತಾಯಿ.

“ಮತ್ತೆ ಇವರಿಗೆ ಹೇಳೋ, ಅನ್ನೋ ಅಂತ ಗದರಿಸಿದ್ರಲ್ಲ? ಗುರುತಿದೆಯಾ?”

“ಇಲ್ಲ. ಯಾರೋ ಪಾಪ, ಒದ್ದಾಡ್ತಿದ್ರು. ಬಾಯಿಗೆ ಬಂತು.”

“ಕೇಳಿದ್ರಾ? ಅಕ್ಷರ ಬರದ ಅಮ್ಮನಿಗೆ ಗೊತ್ತು, ಏಳು ಸಲ ಬರೆದ ಮಹಾನುಭಾವರಿಗೆ ಗೊತ್ತಿಲ್ಲ!”

ಆ ನಗೆ ಒಂದೂವರೆ ನಿಮಿಷಕ್ಕೆ ಮುಗಿಯುವಂಥದ್ದಲ್ಲ. ಇನ್ನೂ ಎರಡು ಪ್ರಶ್ನೆ ಇದ್ದವು. ಅತಿ ಹಗುರ ಲೋಹ ಅಲ್ಯೂಮಿನಿಯಂ ಅಂದ. ಅತಿ ಚಿಕ್ಕ ಮೂಳೆ ಮೂಗಿನಲ್ಲಿದೆ ಅಂದ. ತಂಗಿ ಲಿಥಿಯಂ ಅಂದಳು, ಕಿವಿಯೊಳಗೆ ಅಂದಳು, ಹೂಗುಚ್ಛ ತೆಗೆದುಕೊಂಡಳು. ಚಿತ್ರ ತೆಗೆಯುವಾಗ ಡೈರೆಕ್ಟರು ತಾಯಿಯನ್ನೂ ಮೇಲೆ ಕರೆದು ಮಗಳ ಪಕ್ಕ ನಿಲ್ಲಿಸಿದ. ಸಪ್ತಮಿಗೆ, “ಸ್ವಲ್ಪ ಆ ಕಡೆ ಸರೀರಿ” ಅಂದ. ಇಳಿಯುವಾಗ ಕಿವಿಯಲ್ಲಿ, “ಆ ಹೆಂಗಸಿಂದ ಕಾರ್ಯಕ್ರಮಕ್ಕೆ ಕಳೆ ಬಂತು ಕಣ್ರೀ” ಅಂತ ಬೆನ್ನು ತಟ್ಟಿದ.

ಅವನು ಮನೆ ಸೇರುವಷ್ಟರಲ್ಲಿ ಸಂಜೆಯಾಗಿತ್ತು. ತಂಗಿ ತಾಯಿಯನ್ನು ಮನೆಗೆ ಬಿಟ್ಟು ಗೆಳತಿಯರ ಜೊತೆ ಹೋಗಿದ್ದಳು. ತಾಯಿ ಸೀರೆ ಸಹ ಬದಲಿಸದೆ ಕೂತಿದ್ದಳು. ಅವನು ಕೈಕಾಲು ತೊಳೆದು ಬಂದ, ಆಕೆ ತಟ್ಟೆ ಇಟ್ಟಳು. ಅವನು ಉಣ್ಣತೊಡಗಿದ.

“ಅವಳು ತಲೆ ಆಡಿಸ್ತಿದ್ಲು ಕಣೋ” ಅಂದಳು ತಾಯಿ. “ಅವಳ ಕಣ್ಣಲ್ಲಿ ನೀರು ನೋಡಿ ನನಗೆ ದಿಕ್ಕೇ ತೋಚಲಿಲ್ಲ.”

“ಸರಿಯಾಗೇ ಹೇಳಿದೆ ಬಿಡಮ್ಮ.”

“ವಾಪಸ್ ಬರೋ ದಾರಿಯಲ್ಲಿ ಎಲ್ಲ ಹೇಳಿದ್ಲು. ಆಟಕ್ಕೆ ಅಂತ ತಪ್ಪು ಹೇಳಿಸಿದ್ರಂತೆ. ನೀನು ಬೇಕಂತಲೇ ಹೇಳಿದ್ದಂತೆ. ಹೌದು ತಾನೇ? ಫಾರ್ಮಿಕ್ಕು ಅಂತ ನಿಂಗೊತ್ತಿತ್ತು ತಾನೇ ಮಗಾ?”

ಆಕೆ ಅವನ ಬಾಯಿಯನ್ನೇ ನೋಡುತ್ತಿದ್ದಳು. ಹೌದು ಅನ್ನುವ ಒಂದು ಮಾತು ಸಿಕ್ಕಿದರೆ ಸಾಕು, ಇವತ್ತು ನಿದ್ದೆ ಬರುತ್ತದೆ ಅನ್ನುವ ಮುಖ. ಅವನಿಗೆ ಅದು ಚೆನ್ನಾಗಿ ಕಂಡಿತು. ಅಷ್ಟು ಚೆನ್ನಾಗಿ ಕಂಡದ್ದರಿಂದಲೇ, ನಂಬುವಂಥ ಉತ್ತರವನ್ನು ಹುಡುಕಲು ಅವನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

“ಇಲ್ಲಮ್ಮ. ಅವಳು ನಿನ್ನ ಸಮಾಧಾನಕ್ಕೆ ಹಾಗಂದಿರ್ತಾಳೆ. ನನಗೆ ಗೊತ್ತಿರ್ಲಿಲ್ಲ.”

“ನೀನೇ ಅಲ್ವೇನೋ ಇಲ್ಲಿ ಕೂತು ಓದ್ತಿದ್ದೆ…”

“ಓದ್ತಿದ್ದೆ. ತಲೇಲಿ ಏನೂ ನಿಲ್ತಿರ್ಲಿಲ್ಲ. ನೀನು ಪಕ್ಕದಲ್ಲಿದ್ಯಲ್ಲ, ಓದೋ ಥರ ಮಾಡ್ತಿದ್ದೆ. ಇಲ್ದಿದ್ರೆ ಏಳು ಸಲ ಯಾಕೆ ಬೀಳ್ತಿದ್ದೆ?”

ಏಳು ವರ್ಷದ ನಂಬಿಕೆ ಒಟ್ಟಿಗೆ ಕಳಚಿ ತಾಯಿಯ ಮುಖದಿಂದ ಬೀಳುವುದನ್ನು ಅವನು ತುತ್ತು ಅಗಿಯುತ್ತಲೇ ನೋಡಿದ. ಆಕೆ “ಯಾರೋ ಪಾಪ” ಅಂದಾಗಿನಿಂದ ಎದೆಯಲ್ಲಿ ಉರಿಯುತ್ತಿದ್ದದ್ದು ಸ್ವಲ್ಪ ತಣ್ಣಗಾದಂತೆನಿಸಿತು. ನೀರು ಕೇಳಿದ. ಆಕೆ ತಂದಿಟ್ಟಳು.

ಆಮೇಲೆ ಆಕೆ ಕಿಟಕಿಯ ಹತ್ತಿರ ರವಿಕೆಗಳ ಗಂಟು ಬಿಚ್ಚಿ ಸೂಜಿಗೆ ದಾರ ಪೋಣಿಸಲು ಕೂತಳು. ಬೆಳಕು ಸಾಲದು, ಕಣ್ಣೂ ಸಾಲದು. ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿಕೊಂಡು ಒಂದು ಸಲ ನೋಡಿದಳು, ಎರಡು ಸಲ ನೋಡಿದಳು, ತಪ್ಪಿತು. ಅವನನ್ನು ಕರೆಯಲಿಲ್ಲ. ಅವನು ತಟ್ಟೆಯಲ್ಲೇ ಕೈ ತೊಳೆದು, ಗೋಡೆಗೆ ಒರಗಿ, ಆಕೆ ಮತ್ತೆ ದಾರ ಒದ್ದೆ ಮಾಡಿಕೊಳ್ಳುವುದನ್ನು ನೋಡುತ್ತ ಕೂತ.