ವಾಕರಿನ ನಾಲ್ಕನೆಯ ಕಾಲು

ಏಸಿಯ ಗಾಳಿಗೆ ಪರದೆ ಅಲ್ಲಾಡುತ್ತಲೇ ಇದೆ, ಏನೂ ಆಗಿಯೇ ಇಲ್ಲ ಎಂಬಂತೆ, ಹಾಲ್ ನಡುವೆ ವಾಕರ್ ಮಗುಚಿ ಬಿದ್ದಿದೆ, ಅಮ್ಮ ಪೂವಕ್ಕ ಸೋಫಾದ ಮೇಲೆ ಓರೆಯಾಗಿ ಬಿದ್ದಿದ್ದಾಳೆ, ಮಗ ರಿತೇಶ ಅವಳ ಪಕ್ಕದಲ್ಲಿ ಮಂಡಿಯೂರಿದ್ದಾನೆ — ಹಿಂದೆ ಸೋಫಾ ಇತ್ತು, ಅದೊಂದು ಪುಣ್ಯ, ಇಲ್ಲದಿದ್ದರೆ ಮೊನ್ನೆ ಮೊನ್ನೆ ಆಪರೇಷನ್ ಆದ ಸೊಂಟ, ಅಯ್ಯೋ, ಇಲ್ಲದಿದ್ದರೆ ಎಂಬುದರಿಂದ ಮುಂದಕ್ಕೆ ಬುದ್ಧಿ ಓಡುತ್ತಿಲ್ಲ, ಆ ಕೈಯ ಹತ್ತಿರವೇ ನಿಂತಿದೆ, ವಾಕರ್ ಕುಸಿದಾಗ ಗಾಳಿಯನ್ನು ಹಿಡಿಯಲು ಹೋದ ಅಮ್ಮನ ಕೈ. ಅಮ್ಮಾ, ಸೊಂಟ ನೋಯ್ತದಾ, ಇಲ್ಲ ಮಾರಾಯ, ಜೀವ ಒಮ್ಮೆ ಹೋಗಿ ಬಂತು ಅಷ್ಟೆ, ವಾಕರನ್ನು ಕ್ಲಿನಿಕ್‌ನಲ್ಲಿ ಫಿಸಿಯೋ ಮೆಲಿಸ್ಸಾ ಸರಿಯಾಗಿಯೇ ಅಳೆದು ಕೊಟ್ಟಿದ್ದಳು, ಕೈ ಕೆಳಗೆ ಬಿಡಿ ಪೂವಕ್ಕ, ಹಿಡಿ ಮಣಿಕಟ್ಟಿಗೆ ಬರ್ಬೇಕು, ಮೊಣಕೈ ಚೂರು ಬಗ್ಗಿರ್ಬೇಕು, ಈ ಅರಬ್ ದೇಶದಲ್ಲೂ ಮಂಗಳೂರಿನವಳೇ ಸಿಕ್ಕಿದಳೆಂದು ಅಮ್ಮನಿಗೆ ಎಷ್ಟು ಖುಷಿ — ಅಳೆದದ್ದು ಮಾತ್ರ ಶೂ ಹಾಕಿಸಿ, ದಪ್ಪ ಅಟ್ಟೆಯ ಶೂ, ಅಲ್ ರಯ್ಯಾನಿನ ಈ ಫ್ಲ್ಯಾಟಿನೊಳಗೆ, ದೇವರ ಫೋಟೊ ಇರುವ ಹಾಲಿನಲ್ಲಿ, ಶೂ ಹಾಕಿ ನಡೆಯುವವರು ಯಾರು, ಬರಿಗಾಲಿಗೆ ಹಿಡಿ ಎತ್ತರವಾಯಿತು, ಹೆಗಲು ನೋಯ್ತದೆ ಮಗಾ, ಮೆಲಿಸ್ಸಾಗೆ ಒಂದು ಫೋನ್ ಮಾಡಿದ್ದರೆ ಏನು ಗಂಟು ಹೋಗುತ್ತಿತ್ತು, ಇಲ್ಲ, ಇವನು ಮೆಸಯೀದಿನ ಪ್ಲ್ಯಾಂಟಿನ ಸೇಫ್ಟಿ ಆಫೀಸರ್, ಸ್ಕಾಫೋಲ್ಡಿಂಗಿನ ಒಂದೊಂದು ಪಿನ್ನನ್ನೂ ಅಲ್ಲಾಡಿಸಿ ನೋಡುವವನು, ಕೂತ್ಕೋ ಅಮ್ಮಾ, ಎರಡು ನಿಮಿಷದ ಕೆಲಸ, ಕಾಲಿನ ಸ್ಪ್ರಿಂಗ್ ಗುಂಡಿ ಒತ್ತುವುದು, ಕಾಲನ್ನು ಕೊಳವೆಯೊಳಗೆ ಒಂದು ತೂತು ಮೇಲಕ್ಕೆ ಸರಿಸುವುದು, ಹಿಡಿ ಅಷ್ಟು ತಗ್ಗುತ್ತದೆ, ಟಕ್, ಟಕ್, ಟಕ್ — ಆಗಲೇ ಫೋನ್, ನಾಳೆಯ ಶಿಫ್ಟ್, ಹಾಂ ಭಾಯ್, ಯಲ್ಲಾ, ಖಲಾಸ್, ಸರಿ ಮುಗೀತು ಎಂದು ಫೋನ್ ಇಟ್ಟದ್ದು, ನಾಲ್ಕನೆಯ ಕಾಲಿನ ಟಕ್ ಕೇಳಿತೇ, ಕೇಳಲಿಲ್ಲ, ಗುಂಡಿ ತೂತಿನಿಂದ ಅರ್ಧವೂ ಹೊರಗೆ ಬಂದಿಲ್ಲ, ಈಗ ಕಾಣುತ್ತಿದೆ, ಊರಿಗೆ ಉಪಕಾರಿ ಮನೆಗೆ ಮಾರಿ, ನಾಚಿಕೆಯಾಗುತ್ತದೆ, ನಾಚಿಕೆಗಿಂತ ಭಯ ಹೆಚ್ಚು. ಅಮ್ಮನಿಗೆ ಮೊದಲೇ ಅಂಜಿಕೆ ಇತ್ತು, ಬೆರಳ ತುದಿಯಲ್ಲಷ್ಟೇ ಹಿಡಿದಿದ್ದಳು, ಪೂರಾ ಭಾರ ಹಾಕಮ್ಮಾ, ಹೆದರ್ಬೇಡ, ನಾನು ನೋಡಿದ್ದೇನೆ, ಈ ಬಾಯಿಯೇ ಹೇಳಿದ್ದು, ನಂಬಿ ಭಾರ ಹಾಕಿದಳು, ಕಾಲು ಕೊಳವೆಯೊಳಗೆ ಸರ್ರನೆ ಜಾರಿತು, ಕೈ ಗಾಳಿಗೆ —

ಟಕ್. ಈಗ ಕೂತಿತು. ಮೈಭಾರವನ್ನೆಲ್ಲ ಹಾಕಿ ಒತ್ತುತ್ತಾನೆ, ಜಗ್ಗುತ್ತಾನೆ, ನಾಲ್ಕೂ ಗುಂಡಿಗಳನ್ನು ಬೆರಳಲ್ಲಿ ಸವರಿ ನೋಡುತ್ತಾನೆ, ಇನ್ನು ಏನೂ ಆಗುದಿಲ್ಲ ಅಮ್ಮಾ, ಹಿಡ್ಕೋ. ಪೂವಕ್ಕ ವಾಕರನ್ನು ನೋಡುತ್ತಾಳೆ, ಮಗನನ್ನು ನೋಡುತ್ತಾಳೆ, ಬೇಡ ಮಗಾ, ಬಾತ್‌ರೂಮಿಗೆ ಅಲ್ವಾ, ಗೋಡೆ ಹಿಡ್ಕೊಂಡು ಹೋಗ್ತೇನೆ, ಬೈದಿದ್ದರೂ ಆಗುತ್ತಿತ್ತು, ಇಷ್ಟು ಮೆತ್ತಗೆ, ನೆಂಟರ ಮನೆಯಲ್ಲಿ ಎರಡನೆಯ ಸಲ ಅನ್ನ ಬೇಡವೆನ್ನುವ ಹಾಗೆ, ಅವನು ಕೈ ಚಾಚುತ್ತಾನೆ, ಚಾಚಿದ ಕೈಯನ್ನು ದಾಟಿ ಅವಳ ಕೈ ಗೋಡೆಗೆ ಹೋಗುತ್ತದೆ, ಅಂಗೈ ಊರಿ ಊರಿ ಸಾಗುತ್ತದೆ, ಬಾಗಿಲ ಹತ್ತಿರ ಗೋಡೆ ಮುಗಿಯುತ್ತದೆ, ಹಿಡಿಯಲು ಏನೂ ಇಲ್ಲ, ಅವನು ಪಕ್ಕದಲ್ಲೇ ಇದ್ದಾನೆ, ಇಷ್ಟು ಪಕ್ಕದಲ್ಲಿ, ಆದರೂ ಗಾಳಿಯಲ್ಲಿ, ಆಚೆಯ ಗೋಡೆಗಾಗಿ ತಡಕಾಡುತ್ತಿರುವ ಅಮ್ಮನ ಕೈ, ಅಮ್ಮನ ಕೈ —